ರಿಪೋರ್ಟ್ ಕೈಗೆ ಬಂತು, ಅರ್ಥವಾಗಲಿಲ್ಲ: ಮೆಡಿಕಲ್ ಲೈಬ್ರರಿ ನಮ್ಮಂಥವರಿಗೆ ಹೇಗೆ ಉಪಯೋಗ?



ಊರಿನಿಂದ ಅಮ್ಮನನ್ನು ಚಿಕಿತ್ಸೆಗೆಂದು ಕರೆಸಿಕೊಂಡಿದ್ದೀರಿ. ಅಮ್ಮನಿಗೆ ಬರುವುದು ಕನ್ನಡ ಅಥವಾ ತುಳು ಮಾತ್ರ. ಡಾಕ್ಟರು ಮಾತನಾಡುವುದು ಹಿಂದಿ ಅಥವಾ ಮರಾಠಿ. ರಿಪೋರ್ಟ್ ಇರುವುದು ಇಂಗ್ಲಿಷಿನಲ್ಲಿ. ಓಪಿಡಿಯಲ್ಲಿ ನಿಮ್ಮ ಹಿಂದೆ ಉದ್ದದ ಸಾಲಿದೆ, ಡಾಕ್ಟರಿಗೆ ನಿಮ್ಮೊಂದಿಗೆ ಮಾತನಾಡಲು ಸಿಗುವುದು ಕೆಲವೇ ನಿಮಿಷ. ಡೊಂಬಿವಲಿಗೋ ನಾಲಾಸೋಪಾರಕ್ಕೋ ಲೋಕಲ್ ಟ್ರೇನಿನಲ್ಲಿ ವಾಪಸ್ ಬರುವಾಗ ಅಮ್ಮ ಕೇಳುತ್ತಾರೆ: "ಏನಂತೆ ಮಗಾ?" ನಿಮ್ಮ ಹತ್ತಿರ ಉತ್ತರವಿಲ್ಲ.

ಆಗ ಕೈ ಹೋಗುವುದು ವಾಟ್ಸಾಪ್‌ಗೆ. ಯಾರೋ ಕಳಿಸಿದ ಕಷಾಯ, ಇನ್ಯಾರೋ ಕಳಿಸಿದ ವಿಡಿಯೋ. ಆದರೆ ಇದೇ ಊರಿನಲ್ಲಿ ಡಾಕ್ಟರುಗಳೇ ಓದಿ ಕಲಿಯುವ ದೊಡ್ಡ ಗ್ರಂಥಾಲಯಗಳಿವೆ. ಅವರು ನೋಡುವ ಮಾಹಿತಿಯ ಒಂದು ಪಾಲು ಇಂದು ನಿಮ್ಮ ಮೊಬೈಲಿಗೂ ಉಚಿತವಾಗಿ ಬರುತ್ತದೆ. ಅದನ್ನು ಬಳಸುವುದು ಹೇಗೆ ಎಂಬುದೇ ಇಂದಿನ ವಿಷಯ.

*1. ಮುಂಬಯಿಯ ಮೆಡಿಕಲ್ ಕಾಲೇಜು ಲೈಬ್ರರಿಗಳು*

ಭಾಯಖಳದ ಜೆ.ಜೆ. ಆಸ್ಪತ್ರೆಗೆ ಸೇರಿದ ಗ್ರಾಂಟ್ ಮೆಡಿಕಲ್ ಕಾಲೇಜು 1845ರಲ್ಲಿ ಆರಂಭವಾದದ್ದು. ನಾಯರ್ ಆಸ್ಪತ್ರೆಯ ಟೋಪಿವಾಲಾ ಕಾಲೇಜು 1921ರದ್ದು. ಪರೇಲ್‌ನ ಕೆಇಎಂ ಆಸ್ಪತ್ರೆ ಮತ್ತು ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು 1926ರದ್ದು. ಸೇಠ್ ಗೋರ್ಧನದಾಸ್ ಸುಂದರದಾಸ್ ಅವರ ಆಸ್ತಿಯಿಂದ ಕಾಲೇಜಿಗೆ ಹಣ ಬಂದಾಗ ಒಂದು ಷರತ್ತಿತ್ತು: ಕಲಿಸುವವರೆಲ್ಲ ಅರ್ಹ ಭಾರತೀಯರೇ ಆಗಿರಬೇಕು. ಬ್ರಿಟಿಷರ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಸಯನ್ ಆಸ್ಪತ್ರೆಯ ಲೋಕಮಾನ್ಯ ತಿಲಕ್ ಕಾಲೇಜು 1964ರಲ್ಲಿ ಬಂತು. ಇವೆಲ್ಲ ಈಗ ನಾಸಿಕ್‌ನಲ್ಲಿರುವ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಅಡಿಯಲ್ಲಿವೆ.

ಈ ಲೈಬ್ರರಿಗಳು ಮುಖ್ಯವಾಗಿ ವಿದ್ಯಾರ್ಥಿಗಳಿಗೆ ಮತ್ತು ವೈದ್ಯರಿಗೆ. ರೋಗಿಯ ಮನೆಯವರು ಸೀದಾ ಒಳಗೆ ಹೋಗಿ ಕೂರುವಂತಿಲ್ಲ. ಹೊರಗಿನವರು ಗ್ರಂಥಪಾಲಕರ ಅಥವಾ ಡೀನ್ ಆಫೀಸಿನ ಅನುಮತಿ ಕೇಳಬೇಕಾಗುತ್ತದೆ. ಆದರೆ ನಿಮ್ಮ ಮನೆಯಲ್ಲೋ, ಚಾಳಿನಲ್ಲೋ, ಸಂಘದಲ್ಲೋ ನರ್ಸಿಂಗ್, ಫಿಸಿಯೋಥೆರಪಿ, ಎಂಬಿಬಿಎಸ್ ಓದುವ ಮಕ್ಕಳಿದ್ದರೆ ಅವರಿಗೆ ಬಾಗಿಲು ತೆರೆದೇ ಇದೆ. ಅಂಥ ಲೈಬ್ರರಿಗಳಲ್ಲಿ ಪಠ್ಯಪುಸ್ತಕ, ಜರ್ನಲ್, ಹಳೆಯ ಪ್ರಬಂಧಗಳು, ಕಂಪ್ಯೂಟರ್, ಓದುವ ಕೊಠಡಿ ಇರುತ್ತವೆ. ಹೊಸ ವಿದ್ಯಾರ್ಥಿಗಳಿಗೆ ಮಾಹಿತಿ ಹುಡುಕುವುದನ್ನು ಕಲಿಸುವ ತರಗತಿ, ಪುಸ್ತಕ ಪ್ರದರ್ಶನ, ಆಗಸ್ಟ್ 12ರಂದು ಎಸ್.ಆರ್. ರಂಗನಾಥನ್ ಜನ್ಮದಿನದ ನೆನಪಿಗೆ ಗ್ರಂಥಪಾಲಕರ ದಿನ, ಇಂಥವನ್ನೂ ನಡೆಸುತ್ತಾರೆ. ಹಾಜರಾಗಲು ಮಕ್ಕಳಿಗೆ ಹೇಳಿ. ಹುಡುಕುವುದನ್ನು ಕಲಿತ ಒಬ್ಬ ಮಗಳು ಇಡೀ ಕುಟುಂಬಕ್ಕೆ ಆಸರೆ.

*2. ರೋಗಿಗಳಿಗಾಗಿಯೇ ಹುಟ್ಟಿದ ಲೈಬ್ರರಿ*

ವೈದ್ಯರ ಲೈಬ್ರರಿ ವೈದ್ಯರಿಗೆ, ಸರಿ. ರೋಗಿಗೆ? ಈ ಪ್ರಶ್ನೆಯಿಂದಲೇ ಡಾ. ಅನಿರುದ್ಧ ಮಾಲ್ಪಾನಿ ಮತ್ತು ಡಾ. ಅಂಜಲಿ ಮಾಲ್ಪಾನಿ ದಂಪತಿ 1997ರಲ್ಲಿ ಮುಂಬಯಿಯಲ್ಲಿ 'ಹೆಲ್ಪ್' ಎಂಬ ಉಚಿತ ಆರೋಗ್ಯ ಗ್ರಂಥಾಲಯ ಆರಂಭಿಸಿದರು. ಹೆಸರಿನ ಅರ್ಥ ಜನರಿಗಾಗಿ ಆರೋಗ್ಯ ಶಿಕ್ಷಣ ಗ್ರಂಥಾಲಯ. ಜನ ಅರ್ಥ ಮಾಡಿಕೊಳ್ಳಬಲ್ಲ ಆರೋಗ್ಯ ಪುಸ್ತಕಗಳನ್ನು ಒಂದೆಡೆ ಇಟ್ಟು, ಆರೋಗ್ಯದ ಬಗ್ಗೆ ಭಾಷಣಗಳನ್ನೂ ಏರ್ಪಡಿಸಿದರು. ಅದರ ಹಿಂದಿನ ನಂಬಿಕೆ ಸರಳ: ತನ್ನ ಕಾಯಿಲೆಯನ್ನು ತಿಳಿದ ರೋಗಿ ಡಾಕ್ಟರಿಗೆ ಹೊರೆಯಲ್ಲ, ಜೊತೆಗಾರ.

ಕ್ಯಾನ್ಸರ್ ವಿಷಯದಲ್ಲಿ ಈ ಊರಿನಲ್ಲಿ ಇನ್ನೊಂದು ದಾರಿಯಿದೆ. 1941ರಿಂದ ನಡೆಯುತ್ತಿರುವ ಪರೇಲ್‌ನ ಟಾಟಾ ಮೆಮೋರಿಯಲ್‌ಗೆ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ. ಅಲ್ಲಿ ಚಿಕಿತ್ಸೆಯಲ್ಲಿದ್ದರೆ ವೈದ್ಯಕೀಯ ಸಮಾಜ ಸೇವಾ ವಿಭಾಗ ಎಲ್ಲಿದೆ ಎಂದು ಕೇಳಿಕೊಳ್ಳಿ. ಹಣದ ನೆರವು, ತಂಗಲು ಜಾಗ, ರೋಗಿಗಳಿಗಾಗಿ ಬರೆದ ಪುಸ್ತಿಕೆ, ಎಲ್ಲದಕ್ಕೂ ಮೊದಲು ಕೇಳಬೇಕಾದ ಮೇಜು ಅದೇ. ಕನ್ನಡದಲ್ಲಿ ಪುಸ್ತಿಕೆ ಇದೆಯೇ ಎಂದೂ ಕೇಳಿ. ಕೇಳಲು ಸಂಕೋಚ ಬೇಡ.

*3. ಮೊಬೈಲಿನಲ್ಲೇ ಇರುವ ಮೆಡಿಕಲ್ ಲೈಬ್ರರಿ*

ಈ ನಾಲ್ಕು ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ನಾಲ್ಕರಲ್ಲೂ ಯಾರೂ ಔಷಧಿ ಮಾರುವುದಿಲ್ಲ.

✔ *ಮೆಡ್‌ಲೈನ್‌ಪ್ಲಸ್.* ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಲ್ಲಿ ಸಾಮಾನ್ಯ ಜನರಿಗಾಗಿಯೇ ಆರಂಭಿಸಿದ್ದು. ಕಾಯಿಲೆ, ಔಷಧಿ, ಲ್ಯಾಬ್ ಟೆಸ್ಟ್ ಎಂದು ಬೇರೆ ಬೇರೆ ಭಾಗಗಳಿವೆ. ರಿಪೋರ್ಟಿನಲ್ಲಿರುವ ಟೆಸ್ಟಿನ ಹೆಸರು ಹಾಕಿದರೆ ಅದನ್ನು ಏಕೆ ಮಾಡಿಸುತ್ತಾರೆ, ಫಲಿತಾಂಶ ಏನು ಹೇಳುತ್ತದೆ ಎಂದು ಸರಳ ಇಂಗ್ಲಿಷಿನಲ್ಲಿ ಸಿಗುತ್ತದೆ. ಕೆಲವು ವಿಷಯಗಳು ಹಿಂದಿಯಲ್ಲೂ ಇವೆ.

✔ *ಪಬ್‌ಮೆಡ್.* ಅದೇ ಗ್ರಂಥಾಲಯದ್ದು. 1997ರಿಂದ ಎಲ್ಲರಿಗೂ ಉಚಿತ. 3.5 ಕೋಟಿಗೂ ಹೆಚ್ಚು ವೈದ್ಯಕೀಯ ಲೇಖನಗಳ ವಿವರ ಇಲ್ಲಿದೆ. ಭಾಷೆ ಕಠಿಣ, ವೈದ್ಯಕೀಯ ಓದುವ ಮಕ್ಕಳ ಸಹಾಯ ಬೇಕಾಗಬಹುದು.

✔ *ಕಾಕ್ರೇನ್ ಲೈಬ್ರರಿ.* ಒಂದು ಚಿಕಿತ್ಸೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಉಪಯೋಗ ಉಂಟೋ ಇಲ್ಲವೋ ಎಂದು ಹೇಳುತ್ತದೆ. ಪ್ರತಿಯೊಂದಕ್ಕೂ ಸಾಮಾನ್ಯ ಓದುಗರಿಗಾಗಿ ಒಂದು ಸರಳ ಸಾರಾಂಶ ಇರುತ್ತದೆ, ಅದು ಉಚಿತ.

✔ *ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್.* ಇದು ನಮ್ಮ ಪರೇಲ್‌ನದ್ದೇ. ಜಿ.ಎಸ್. ಮೆಡಿಕಲ್ ಕಾಲೇಜು ಮತ್ತು ಕೆಇಎಂನಿಂದ 1955ರಿಂದ ಬರುತ್ತಿದೆ, ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಓದಬಹುದು.

ಇಂಗ್ಲಿಷ್ ಕಷ್ಟವಾದರೆ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡಕ್ಕೆ ತಿರುಗಿಸಿ. ಆದರೆ ಔಷಧಿಯ ಪ್ರಮಾಣ ಮತ್ತು 'ಬೇಕು', 'ಬೇಡ' ಎಂಬ ಮಾತುಗಳನ್ನು ಮಾತ್ರ ಮೂಲದಲ್ಲಿ ಇನ್ನೊಮ್ಮೆ ನೋಡಿ. ಯಂತ್ರದ ಅನುವಾದ ಎಡವುವುದು ಅಲ್ಲೇ.

*4. ಹೆದರಿಸುವ ಪದಗಳು, ನಿಜವಾದ ಅರ್ಥಗಳು*

• *ನೆಗೆಟಿವ್:* ಹುಡುಕಿದ ರೋಗ ಸಿಗಲಿಲ್ಲ. ಸಾಮಾನ್ಯವಾಗಿ ಒಳ್ಳೆಯ ಸುದ್ದಿ.
• *ಅನ್‌ರಿಮಾರ್ಕಬಲ್:* ಹೇಳುವಂಥ ತೊಂದರೆ ಏನೂ ಕಾಣಲಿಲ್ಲ.
• *ಬಿನೈನ್:* ಕ್ಯಾನ್ಸರ್ ಅಲ್ಲದ ಗಡ್ಡೆ. *ಮ್ಯಾಲಿಗ್ನೆಂಟ್:* ಕ್ಯಾನ್ಸರ್.
• *ಅಕ್ಯೂಟ್:* ಹಠಾತ್ತಾಗಿ ಬಂದದ್ದು. *ಕ್ರಾನಿಕ್:* ಬಹಳ ಕಾಲದಿಂದ ಇರುವುದು.
• *ಇಡಿಯೋಪಥಿಕ್:* ಕಾರಣ ತಿಳಿದಿಲ್ಲ.

ಚೀಟಿಯಲ್ಲಿ *ಬಿಡಿ* ಎಂದರೆ ದಿನಕ್ಕೆ ಎರಡು ಸಲ, *ಟಿಡಿಎಸ್* ಎಂದರೆ ಮೂರು ಸಲ, *ಎಚ್‌ಎಸ್* ಎಂದರೆ ಮಲಗುವಾಗ, *ಎಸ್‌ಒಎಸ್* ಎಂದರೆ ಬೇಕಾದರೆ ಮಾತ್ರ. ಎಸ್‌ಒಎಸ್ ಎಂದು ಬರೆದ ನೋವಿನ ಮಾತ್ರೆಯನ್ನು ದಿನವೂ ನುಂಗಿ ಹೊಟ್ಟೆ, ಕಿಡ್ನಿ ಕೆಡಿಸಿಕೊಳ್ಳಬೇಡಿ.

*5. ಒಂದು ಫಾರ್ವರ್ಡ್ ಪರೀಕ್ಷಿಸಿ ನೋಡೋಣ*

"ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಾ ಇರಿ, ಬದುಕುತ್ತೀರಿ." ಈ ಸಂದೇಶ ನಿಮಗೂ ಬಂದಿರುತ್ತದೆ. ಮೊದಲು ಇಮೇಲ್‌ನಲ್ಲಿ ತಿರುಗಿ, ಈಗ ವಾಟ್ಸಾಪ್‌ನಲ್ಲಿ ತಿರುಗುತ್ತಿದೆ. ಹುಡುಕಿದರೆ ಸಿಗುವುದು ಬೇರೆ. ಆಸ್ಪತ್ರೆಯೊಳಗೆ, ಮಾನಿಟರ್ ಹಾಕಿರುವಾಗ, ಹೃದಯದ ಲಯ ಹಠಾತ್ತಾಗಿ ಕೆಟ್ಟರೆ ಡಾಕ್ಟರು ರೋಗಿಗೆ ಕೆಮ್ಮಲು ಹೇಳುವುದುಂಟು. ಅಲ್ಲಿ ಮುಂದಿನ ಚಿಕಿತ್ಸೆ ಪಕ್ಕದಲ್ಲೇ ಇರುತ್ತದೆ. ಮನೆಯಲ್ಲೋ ರಸ್ತೆಯಲ್ಲೋ ಸಾಮಾನ್ಯ ಜನ ಇದನ್ನು ನೆಚ್ಚಿಕೊಳ್ಳಬಾರದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳಿದೆ.

ಸುಳ್ಳು ಹುಟ್ಟುವುದು ಹೀಗೆಯೇ: ಒಂದು ಸಣ್ಣ ನಿಜ ಇರುತ್ತದೆ, ಅದರ ಷರತ್ತುಗಳು ಕಳಚಿ ಹೋಗಿರುತ್ತವೆ. ಕೆಮ್ಮುತ್ತಾ ಕೂತರೆ ಕಳೆದುಹೋಗುವುದು ಸಮಯ. ಎದೆ ಹಿಂಡಿದಂತಾಗಿ, ಬೆವರಿ, ನೋವು ಕೈಗೋ ದವಡೆಗೋ ಹರಡಿದರೆ ತಕ್ಷಣ 108ಕ್ಕೆ ಕರೆ ಮಾಡಿ, ಪಕ್ಕದ ಮನೆಯವರನ್ನು ಕೂಗಿ.

*6. ಮಳೆಗಾಲಕ್ಕೆ ಒಂದು ಉದಾಹರಣೆ*

2005ರ ಜುಲೈ 26ರ ಮಳೆಯನ್ನು ಮುಂಬಯಿಯವರು ಯಾರೂ ಮರೆತಿಲ್ಲ. ನೀರು ಇಳಿದ ಮೇಲೆ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ, ಹರಡಿತು. ಅದರ ಬಗ್ಗೆ ಇಲ್ಲಿನ ವೈದ್ಯರು ಬರೆದದ್ದು ಪಬ್‌ಮೆಡ್‌ನಲ್ಲಿ ಸಿಗುತ್ತದೆ. ತಿಳಿಯಬೇಕಾದದ್ದು ಇಷ್ಟು: ಇಲಿ, ನಾಯಿ, ದನಗಳ ಮೂತ್ರ ಬೆರೆತ ನೀರಿನಲ್ಲಿ ರೋಗಾಣು ಇರುತ್ತದೆ, ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಹೆಚ್ಚಾಗಿ 5ರಿಂದ 14 ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಾಣಿಸಿಕೊಳ್ಳುತ್ತವೆ. ತಡವಾದರೆ ಕಾಮಾಲೆಯಾಗಿ ಕಿಡ್ನಿಗೂ ಹೊಡೆತ.

ಹೋಟೆಲಿನ ಕೆಲಸ ಮುಗಿಸಿ ರಾತ್ರಿ ನೀರಿನಲ್ಲಿ ನಡೆದು ಬರುವ ನಮ್ಮ ಹುಡುಗರಿಗೆ, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದ ಕುಟುಂಬಗಳಿಗೆ ಇದನ್ನು ಹೇಳಿ. ನೀರಿನಲ್ಲಿ ನಡೆದಿದ್ದರೆ 72 ಗಂಟೆಯೊಳಗೆ ಪಾಲಿಕೆಯ ದವಾಖಾನೆಗೆ ಹೋಗಿ ಕೇಳಿ. ಬೇಕಾದವರಿಗೆ ಡಾಕ್ಟರು ಮಾತ್ರೆ ಕೊಡುತ್ತಾರೆ. ಗರ್ಭಿಣಿಯರಿಗೆ ಮತ್ತು 8 ವರ್ಷದೊಳಗಿನ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಆಗುವುದಿಲ್ಲ. ಆದ್ದರಿಂದ ಪಕ್ಕದವರ ಮಾತ್ರೆ ಹಂಚಿಕೊಳ್ಳಬೇಡಿ.

*7. ಓದುವ ಮಕ್ಕಳಿಗೆ*

ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ 2024ರ ನವೆಂಬರ್ 25ರಂದು ಒಪ್ಪಿಗೆ ಸಿಕ್ಕಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ನಿಮ್ಮ ಕಾಲೇಜು ಅದರಲ್ಲಿದೆಯೇ ಎಂದು ಲೈಬ್ರರಿಯಲ್ಲಿ ಕೇಳಿ. ಊರಿನಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುವವರಿಗೆ 2003ರಲ್ಲಿ ಶುರುವಾದ 'ಹೆಲಿನೆಟ್' ಇದೆ.

*8. ಕನ್ನಡದಲ್ಲಿ ಏನಿದೆ?*

ವೈದ್ಯೆ ಅನುಪಮಾ ನಿರಂಜನರ 'ತಾಯಿ ಮಗು' ಎಷ್ಟೋ ಮನೆಗಳಲ್ಲಿ ಬಾಣಂತಿಯ ತಲೆದಿಂಬಿನ ಪಕ್ಕ ಇದ್ದ ಪುಸ್ತಕ. ಮನಸ್ಸಿನ ಕಾಯಿಲೆಗಳ ಬಗ್ಗೆ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಬಹಳ ಬರೆದಿದ್ದಾರೆ. ಹಳೆಯ ಪುಸ್ತಕದಲ್ಲಿರುವ ಔಷಧಿಯ ಹೆಸರು ಬದಲಾಗಿರಬಹುದು, ಅದನ್ನು ಡಾಕ್ಟರಿಗೇ ಬಿಡಿ. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಮಾಟುಂಗದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಉಪನಗರಗಳ ಸಣ್ಣ ಸಂಘಗಳವರೆಗೆ ನಮ್ಮಲ್ಲಿ ಸಂಘಟನೆಗಳಿಗೆ ಬರವಿಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಒಂದು ಮಾತು ಎತ್ತಿ: ಒಂದು ಕಪಾಟು ಕನ್ನಡದ ಆರೋಗ್ಯ ಪುಸ್ತಕ, ತಿಂಗಳಿಗೊಂದು ಭಾನುವಾರ ರಿಪೋರ್ಟ್ ಓದಿ ಹೇಳಲು ನಮ್ಮವರೇ ಒಬ್ಬ ಡಾಕ್ಟರು ಅಥವಾ ನರ್ಸ್. ಖರ್ಚು ಕಡಿಮೆ, ಪುಣ್ಯ ದೊಡ್ಡದು.

*9. ಆಸ್ಪತ್ರೆಗೆ ಹೋಗುವ ಮುನ್ನ*

1. ಕೇಸ್ ಪೇಪರ್, ಹಳೆಯ ರಿಪೋರ್ಟ್ ತಾರೀಖಿನ ಪ್ರಕಾರ ಜೋಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.
2. ಮೂರು ಪ್ರಶ್ನೆ ಬರೆದುಕೊಳ್ಳಿ: ಕಾಯಿಲೆಯ ಹೆಸರೇನು? ಚಿಕಿತ್ಸೆಗೆ ಎಷ್ಟು ದಾರಿಗಳಿವೆ? ತಕ್ಷಣ ಬರಬೇಕಾದ ಅಪಾಯದ ಲಕ್ಷಣ ಯಾವುದು?
3. ಓದಿದ್ದನ್ನು ತೋರಿಸುವಾಗ "ನೀವು ತಪ್ಪು" ಎನ್ನಬೇಡಿ. "ಡಾಕ್ಟರೇ, ಇದು ನಮ್ಮ ಅಮ್ಮನಿಗೆ ಅನ್ವಯಿಸುತ್ತದೆಯೇ?" ಎಂದು ಕೇಳಿ.
4. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವುದೂ ನಿಮ್ಮ ಹಕ್ಕು.

ಒಂದು ಎಚ್ಚರಿಕೆ. ಲೈಬ್ರರಿ ಕಾಯಿಲೆಯನ್ನು ವಿವರಿಸುತ್ತದೆ, ನಿಮ್ಮ ಅಮ್ಮನನ್ನು ಮುಟ್ಟಿ ನೋಡುವುದಿಲ್ಲ. ಓದಿದ ಮಾತ್ರಕ್ಕೆ ಇನ್ಸುಲಿನ್ ಆಗಲಿ ಬಿಪಿ ಮಾತ್ರೆ ಆಗಲಿ ನಿಲ್ಲಿಸಬೇಡಿ.

ಈ ಬರಹವೂ ನಿಮಗೆ ವಾಟ್ಸಾಪ್‌ನಲ್ಲೇ ಬಂದಿದೆ. ಇದನ್ನೂ ಹಾಗೆಯೇ ನಂಬಬೇಡಿ, ಮೇಲಿನ ನಾಲ್ಕು ಜಾಗಗಳಲ್ಲಿ ಒಂದು ವಿಷಯವನ್ನಾದರೂ ಹುಡುಕಿ ನೋಡಿ. ಸರಿ ಎನಿಸಿದರೆ ನಿಮ್ಮ ಫ್ಯಾಮಿಲಿ ಗ್ರೂಪಿಗೆ, ಸಂಘದ ಗ್ರೂಪಿಗೆ ಕಳಿಸಿ. ಇಂಗ್ಲಿಷ್ ಬಾರದ ಹಿರಿಯರಿದ್ದರೆ ಕೂತು ಓದಿ ಹೇಳಿ.

ಎಲ್ಲರೂ ಆರೋಗ್ಯವಾಗಿರಿ. 🙏