ತಾಗದ ತಂತಿಗಳು

ಬೇಸಿಗೆ ಬಂತೆಂದರೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಪಂಪ್ ಮೋಟರ್ ವೈಂಡಿಂಗ್ ಅಂಗಡಿಗಳಿಗೆ ಪುರುಸೊತ್ತಿಲ್ಲ. ಹೊಸಿಲಲ್ಲೇ ಸುಟ್ಟ ವಾರ್ನಿಶಿನ ಕಮಟು. ಒಳಗೆ ಕಿತ್ತು ಗುಡ್ಡೆ ಹಾಕಿದ ಕಪ್ಪು ತಂತಿ, ಪಕ್ಕದಲ್ಲಿ ಕೆಂಪಗೆ ಮಿನುಗುವ ಹೊಸ ತಾಮ್ರದ ಸುರುಳಿ. ಮಿಸ್ತ್ರಿ ಸ್ಲಾಟಿನೊಳಗೆ ಕಾಗದ ಹಾಸಿ, ಎಳೆ ಎಳೆಯಾಗಿ ತಂತಿ ಕೂರಿಸುತ್ತಿದ್ದಾರೆ. ಒಂದೆಳೆಯ ಎನಾಮಲ್ ಗೀಚಿದರೂ ಇಡೀ ಕೆಲಸ ಕೆಟ್ಟಂತೆ.

"ತ್ವಾಟ ಒಣಗ್ತಾ ಐತಣ್ಣ, ಸಂಜಿಗೆ ಕೊಡ್ತೀಯಾ?"

"ತಂತಿ ಕೂರ್ಸಬೌದು, ವಾರ್ನಿಶ್ ಒಣಗ್ಬೇಕಲ್ಲ. ನಾಳೆ ಬಾರಪ್ಪ."

ಮೂಲೆಯಲ್ಲಿ ಬಿದ್ದ ರೋಟರನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅದಕ್ಕೇನೂ ಆಗಿಲ್ಲ. ಕಬ್ಬಿಣದ ಉರುಳೆ, ಮೈಯೊಳಗೆ ಅಲ್ಯೂಮಿನಿಯಂ ಸರಳುಗಳು, ಎರಡು ತುದಿಗೂ ಬಳೆ. ಒಂದು ವೈರೂ ಅದಕ್ಕೆ ಬಂದು ಸೇರುವುದಿಲ್ಲ. ಆದರೂ ಬಾವಿಯ ನೀರನ್ನು ಮೇಲೆತ್ತುವುದು ಅದೇ! ಸುತ್ತಲಿನ ಸುರುಳಿಗಳಲ್ಲಿ ಕರೆಂಟು ಹರಿದಾಗ ಕಾಂತಕ್ಷೇತ್ರ ಗಿರಗಿರನೆ ಸುತ್ತುತ್ತದೆ. ಅದು ಸರಳುಗಳನ್ನು ಹಾದುಹೋಗುತ್ತಿದ್ದಂತೆ ಅವುಗಳಲ್ಲೂ ಕರೆಂಟು ಹುಟ್ಟುತ್ತದೆ, ಉರುಳೆ ತಿರುಗುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೆ ನಿಂತ ಮೋಟರು ಮೇಲೇಳುವುದಿಲ್ಲ, ಗುಂಯ್‌ಗುಟ್ಟುತ್ತ ನಿಂತಲ್ಲೇ ಮಿತಿಮೀರಿ ಕರೆಂಟು ಎಳೆದುಕೊಂಡು ಸುರುಳಿ ಸುಟ್ಟುಕೊಳ್ಳುತ್ತದೆ.

ಗದ್ದೆ ಬದುವಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರಿನದ್ದೂ ಇದೇ ಕಥೆ. 11,000 ವೋಲ್ಟಿನ ಸುರುಳಿ ಒಂದು, 400ರ ಆಸುಪಾಸಿನದು ಇನ್ನೊಂದು. ನಡುವೆ ಎಣ್ಣೆ, ಕಾಗದ. ಎರಡರ ಒಳಗೂ ಹಾದ ಕಬ್ಬಿಣದ ತಿರುಳು. ಸುರುಳಿಗೆ ಸುರುಳಿ ತಾಗುವುದೇ ಇಲ್ಲ. ಕರೆಂಟು ತಂತಿಯಲ್ಲಿ ನೀರಿನಂತೆ ಹರಿದು ನಮ್ಮ ಪಂಪಿಗೆ ಬರುತ್ತದೆಂದು ನಾವು ಎಣಿಸುತ್ತೇವೆ. ದಾರಿಯಲ್ಲಿ ಎಷ್ಟೋ ಕಡೆ ತಂತಿಯೇ ಕಡಿದಿದೆ, ಅಲ್ಲೆಲ್ಲ ಕಾಂತವೇ ಸೇತುವೆ. ನನಗೆ ಇದಕ್ಕಿಂತ ದೊಡ್ಡ ಸೋಜಿಗ ಈ ಸೀಮೆಯಲ್ಲಿ ಕಂಡಿಲ್ಲ.

ಈ ಎರಡರ ಹಿಂದಿನ ತತ್ವವನ್ನು ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ 1831ರಲ್ಲೇ ಕಂಡಿದ್ದ. ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿದ, ಅದು ಇಂದಿನ ಟಿಸಿಯ ಮೂಲ. ಅಕ್ಟೋಬರ್ 17ರಂದು ಸುರುಳಿಯೊಳಗೆ ದಂಡಕಾಂತ ತಳ್ಳಿದ, ಗ್ಯಾಲ್ವನೋಮೀಟರಿನ ಸೂಚಿ ಇತ್ತ ಅಲುಗಿತು. ಎಳೆದ, ಅತ್ತ ಅಲುಗಿತು. ಕಾಂತ ಸುಮ್ಮನಿದ್ದರೆ ಸೂಚಿಯೂ ಸುಮ್ಮನೆ. ಹೈಸ್ಕೂಲಿನ ಮಕ್ಕಳು ಗ್ಯಾಲ್ವನೋಮೀಟರ್ ಇಟ್ಟುಕೊಂಡು ಮಾಡುವುದೂ ಇದನ್ನೇ.

ನೆರೆಯ ಸಾಗರ ತಾಲ್ಲೂಕಿನಲ್ಲಿ ಅದೇ ಪ್ರಯೋಗ ಬೃಹತ್ತಾಗಿ ನಡೆಯುತ್ತಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರು ತಳಕಳಲೆ ದಾಟಿ, ಕೊಳವೆಗಳಲ್ಲಿ ಧುಮುಕಿ ಶರಾವತಿ ವಿದ್ಯುದಾಗಾರದ ಟರ್ಬೈನು ತಿರುಗಿಸುತ್ತದೆ. ತಲಾ 103.5 ಮೆಗಾವ್ಯಾಟಿನ 10 ಯಂತ್ರ, ಒಟ್ಟು 1,035. ಸುರುಳಿಗಳು ಅಲ್ಲಾಡದೆ ಸುತ್ತಲೂ ನಿಂತಿವೆ, ನಡುವೆ ವಿದ್ಯುತ್ಕಾಂತಗಳು ತಿರುಗುತ್ತವೆ.

ಆ ಕಾಂತಗಳು ಹಗುರವಾಗಿ ತಿರುಗುವುದಿಲ್ಲ. ಸುರುಳಿಯಲ್ಲಿ ಹುಟ್ಟಿದ ಕರೆಂಟು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆದು ಹಿಡಿಯುತ್ತದೆ. ಪ್ರಕೃತಿ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಸೊರಬದ ಕಡೆ ತ್ರೀ ಫೇಸ್ ಬಂದೊಡನೆ ರೈತರು ಒಟ್ಟೊಟ್ಟಿಗೆ ಪಂಪು ಹಾಕುತ್ತಾರೆ. ರಾಜ್ಯದ ಜಾಲಕ್ಕೆ ಕೂಡಿಕೊಂಡ ಯಂತ್ರಗಳೆಲ್ಲ ಆ ಹೊರೆ ಹಂಚಿಕೊಳ್ಳುತ್ತವೆ. ಶರಾವತಿಯ ಯಂತ್ರವೂ ಕೂದಲೆಳೆಯಷ್ಟು ನಿಧಾನಿಸುತ್ತದೆ. ವೇಗ ಕಾಯುವ ಗವರ್ನರ್ ಅದನ್ನು ಗುರುತಿಸಿ ಟರ್ಬೈನಿಗೆ ಇನ್ನಷ್ಟು ನೀರು ಬಿಡುತ್ತದೆ.