ಹೊಸ ಲ್ಯಾಪ್‌ಟಾಪ್‌ಗೆ ನಿರ್ಣಯ ಬರೆಯುವ ಮುಂಚೆ



ಒಕ್ಕೂಟದ ಸಭೆಗಳಿಗೆ ಹೋದಾಗ ಈಚೆಗೆ ನಾವು ಕೇಳುತ್ತಿರುವ ದೂರು ಒಂದೇ. "ಲ್ಯಾಪ್‌ಟಾಪ್ ಆನ್ ಮಾಡಿ, ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ಗಿರಗಿರ ತಿರುಗ್ತಾನೇ ಇರುತ್ತೆ ಮೇಡಂ." ಒಂದು ಒಕ್ಕೂಟದವರಂತೂ ಸಾಮಾನ್ಯ ನಿಧಿಯಿಂದ ಹೊಸದು ಕೊಳ್ಳಲು ನಿರ್ಣಯ ಬರೆಯುವುದರಲ್ಲಿದ್ದರು. ಆ ಹಣದಲ್ಲಿ ಇಬ್ಬರು ಸದಸ್ಯೆಯರಿಗೆ ಸಾಲ ಕೊಡಬಹುದಿತ್ತು. ಸ್ವಲ್ಪ ತಡೆಯಿರಿ, ಒಮ್ಮೆ ಬಿಚ್ಚಿಸಿ ನೋಡೋಣ ಅಂದೆವು.

ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ನಿಧಾನ ಆಗಲು ಮುಖ್ಯವಾಗಿ ಎರಡು ಕಾರಣ. ನಮ್ಮ ವಾರದ ಸಭೆಯನ್ನೇ ನೆನಪಿಸಿಕೊಳ್ಳಿ. ಪುಸ್ತಕಗಳೆಲ್ಲ ಟ್ರಂಕಿನಲ್ಲಿರುತ್ತವೆ. ಬೇಕಾದವನ್ನು ತೆಗೆದು ಚಾಪೆಯ ಮೇಲೆ ಹರಡಿಕೊಂಡು ಬರೆಯುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ಟ್ರಂಕು ಅಂದರೆ ಹಾರ್ಡ್‌ಡಿಸ್ಕ್, ಚಾಪೆ ಅಂದರೆ ರ್‍ಯಾಮ್. ಚಾಪೆ ಚಿಕ್ಕದಾದರೆ ಒಂದು ಪುಸ್ತಕ ಒಳಗಿಟ್ಟು ಇನ್ನೊಂದು ತೆಗೆಯಬೇಕು, ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ೪ ಜಿಬಿ ಮಾತ್ರ. ಇನ್ನು ಹಾರ್ಡ್‌ಡಿಸ್ಕ್ ಒಳಗೆ ಒಂದು ತಟ್ಟೆ ನಿಮಿಷಕ್ಕೆ ೫೪೦೦ ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಒಂದು ಕೈ ಓಡಾಡಿ ಬೇಕಾದ್ದನ್ನು ಹುಡುಕಬೇಕು. ಈಗ ಬರುವ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಎಲ್ಲ ಚಿಪ್‌ನಲ್ಲೇ. ನಮ್ಮ ಅನುಭವದಲ್ಲಿ ಅತಿ ಹೆಚ್ಚು ವ್ಯತ್ಯಾಸ ಕಾಣುವುದು ಇದನ್ನು ಹಾಕಿಸಿದಾಗಲೇ.

ಪರೀಕ್ಷೆ ನೀವೇ ಮಾಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಬರುವ ಕಿಟಕಿಯಲ್ಲಿ ಡಿಸ್ಕ್ ಅನ್ನುವ ಕಡೆ ಸುಮ್ಮನೆ ಇದ್ದಾಗಲೂ ಶೇಕಡಾ ೧೦೦ ತೋರಿಸುತ್ತಿದ್ದರೆ ತೊಂದರೆ ಅಲ್ಲಿದೆ. ಮೊದಲೇ ಎಸ್‌ಎಸ್‌ಡಿ ಇದ್ದರೆ ಈ ಖರ್ಚು ಬೇಡ. ರ್‍ಯಾಮ್ ಕೊಳ್ಳುವಾಗ ಎಚ್ಚರ: ಡಿಡಿಆರ್ ೩, ಡಿಡಿಆರ್ ೪ ಅಂತ ಬೇರೆ ಬೇರೆ ಇವೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ನಲ್ಲಿ ಬೆಸುಗೆ ಹಾಕಿಯೇ ಬಿಟ್ಟಿರುತ್ತಾರೆ, ಬದಲಿಸಲು ಬರುವುದಿಲ್ಲ. ಎರಡು ಅಂಗಡಿಯಲ್ಲಿ ದರ ಕೇಳಿ.

ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯದನ್ನು ಇದ್ದ ಹಾಗೇ ನಕಲು ಮಾಡಿಸಬೇಡಿ, ಹಳೇ ಕಸವೂ ಜೊತೆಗೇ ಬರುತ್ತದೆ. ಹೊಸದಾಗಿಯೇ ಹಾಕಿಸಿ. ಆದರೆ ಅದಕ್ಕೂ ಮುಂಚೆ ಈ ಸಂಗತಿ ಕೇಳಿ. ಒಂದು ಒಕ್ಕೂಟದವರು ಹಾರ್ಡ್‌ಡಿಸ್ಕ್ ಬದಲಿಸದೆ ಬರೇ ಫಾರ್ಮ್ಯಾಟ್ ಮಾಡಿಸಿದರು. ಅಂಗಡಿಯ ಹುಡುಗ ಕೇಳಿದ್ದ, "ಡಿ ಡ್ರೈವ್ ಹಾಗೇ ಇರಲಾ?" ಇವರು ಹೂಂ ಅಂದರು. ಸಾಲದ ಲೆಕ್ಕವೆಲ್ಲ ಇದ್ದದ್ದು ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲಿ, ಅಳಿಸುವುದೂ ಅದನ್ನೇ. ಎರಡು ವರ್ಷದ ಲೆಕ್ಕ ಹೋಯಿತು. ಲೆಕ್ಕ ಬರೆಯುವ ಅಕ್ಕ ಒಂದು ತಿಂಗಳು ಮನೆಮನೆ ತಿರುಗಿ ಪಾಸ್‌ಬುಕ್ ತಂದು ಮತ್ತೆ ಬರೆದರು. ಇಬ್ಬರ ಪಾಸ್‌ಬುಕ್ ಮಳೆಗೆ ನೆಂದು ಅಕ್ಷರವೇ ಕಾಣುತ್ತಿರಲಿಲ್ಲ. ಆ ಇಬ್ಬರ ಕಂತಿನ ವಿಷಯದಲ್ಲಿ ಸಂಘದೊಳಗೆ ಮಾತು ಬಂದದ್ದು ಇನ್ನೂ ಪೂರ್ತಿ ಮರೆತಿಲ್ಲ.

ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದು ಅಧ್ಯಕ್ಷೆಯ ಹತ್ತಿರ, ಒಂದು ಕಾರ್ಯದರ್ಶಿಯ ಹತ್ತಿರ ಇರಲಿ. ಹಾಕಿದ್ದು ತೆರೆಯುತ್ತದಾ ಅಂತ ಬೇರೆ ಕಂಪ್ಯೂಟರ್‌ನಲ್ಲಿ ನೋಡಿ. ಟ್ಯಾಲಿ ಇದ್ದರೆ ಅದರ ಲೈಸೆನ್ಸ್ ಮೊದಲು ಸರೆಂಡರ್ ಮಾಡಿಸಿ. ಹೊಸದಾಗಿ ಹಾಕಿದ ಮೇಲೆ ಕನ್ನಡದ ಪತ್ರಗಳು ಇಂಗ್ಲಿಷ್ ಅಕ್ಷರದ ಗೊಂಚಲಿನ ಹಾಗೆ ಕಂಡರೆ ಗಾಬರಿ ಬೇಡ. ಹಳೇ ನುಡಿ ಫಾಂಟ್ ಇಲ್ಲ ಅಂತ ಅರ್ಥ, ನುಡಿ ಮತ್ತೆ ಹಾಕಿದರೆ ಸರಿಹೋಗುತ್ತದೆ.

ಯಾವ ವಿಂಡೋಸ್ ಹಾಕಿಸುವುದು? ಇಲ್ಲಿ ಸ್ವಲ್ಪ ತೊಡಕಿದೆ. ವಿಂಡೋಸ್ ೧೦ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಹತ್ತು ವರ್ಷದ ಹಳೇ ಲ್ಯಾಪ್‌ಟಾಪ್‌ಗಳನ್ನು ಒಪ್ಪುವುದಿಲ್ಲ. ಇಂಟೆಲ್ ಆದರೆ ಎಂಟನೇ ತಲೆಮಾರಿನದ್ದೋ ಅದರ ನಂತರದ್ದೋ ಆಗಿರಬೇಕು. ಹೇಗೋ ಹಾಕಿಕೊಡ್ತೀವಿ ಅನ್ನುವವರಿದ್ದಾರೆ, ಕದ್ದ ಪ್ರತಿಯನ್ನೂ ಹಾಕುತ್ತಾರೆ. ಬ್ಯಾಂಕಿನ ಕೆಲಸ ಮಾಡುವ ಲ್ಯಾಪ್‌ಟಾಪ್‌ಗೆ ಅದು ಬೇಡವೇ ಬೇಡ. ಲಿನಕ್ಸ್ ಮಿಂಟ್ ಅಂತ ಒಂದಿದೆ, ಉಚಿತ. ೪ ಜಿಬಿ ರ್‍ಯಾಮ್‌ನಲ್ಲೂ ನಡೆಯುತ್ತದೆ. ಎಕ್ಸೆಲ್ ಲೆಕ್ಕವನ್ನು ಅದರ ಲಿಬ್ರೆ ಆಫೀಸ್‌ನಲ್ಲಿ ತೆರೆಯಬಹುದು, ಇಮೇಲ್, ಬ್ಯಾಂಕ್ ವೆಬ್‌ಸೈಟ್ ಎಲ್ಲ ಆಗುತ್ತದೆ. ಟ್ಯಾಲಿ ಮಾತ್ರ ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಟ್ಯಾಲಿ ಬೇಕೇ ಬೇಕು ಅನ್ನುವ ಒಕ್ಕೂಟಕ್ಕೆ ಹೊಸ ಲ್ಯಾಪ್‌ಟಾಪೇ ಸರಿ ಅಂತ ನಾವೂ ಹೇಳುತ್ತೇವೆ.

ಬಿಚ್ಚಿದ ಹಳೇ ಹಾರ್ಡ್‌ಡಿಸ್ಕ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ಸದಸ್ಯೆಯರ ಆಧಾರ್ ಪ್ರತಿ, ಖಾತೆ ಸಂಖ್ಯೆ, ಫೋಟೋ ಎಲ್ಲ ಇದೆ. ಯುಎಸ್‌ಬಿ ಕವಚ ಹಾಕಿಸಿಕೊಂಡರೆ ದೊಡ್ಡ ಪೆನ್‌ಡ್ರೈವ್‌ನ ಹಾಗೆ ಬಳಸಬಹುದು. ಏನಾದರೂ ಬಿಟ್ಟುಹೋಗಿದ್ದರೆ ಅಲ್ಲೇ ಸಿಗುತ್ತದೆ. ಎಸ್‌ಎಸ್‌ಡಿಯ ಬಿಲ್ಲು ಮತ್ತು ಗ್ಯಾರಂಟಿ ಚೀಟಿ ಒಕ್ಕೂಟದ ಫೈಲಿನಲ್ಲಿರಲಿ, ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ.

ನಿರ್ಣಯ ಬರೆಯಲು ಹೊರಟಿದ್ದ ಆ ಒಕ್ಕೂಟದವರು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್‌ಗೆ ಬದಲಾದರು. ಈಗ ಒಲೆಯ ಮೇಲೆ ನೀರು ಕಾಯುವುದರೊಳಗೆ ಲೆಕ್ಕ ತೆರೆದಿರುತ್ತದೆ. ಬ್ಯಾಟರಿ ಮಾತ್ರ ಹಳೆಯದೇ. ಕರೆಂಟು ಹೋದ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ. ಮುಂದಿನ ಸಭೆಗೆ ಅದರ ಕೊಟೇಶನ್ ತರಿಸುತ್ತಾರಂತೆ.