ವರ್ಷಕ್ಕೆ ಒಂದೂವರೆ ಗಂಟೆ: ಗೇಮಿಂಗ್ ಖಾತೆ ಕಾಯುವ ಖರ್ಚು

ತಿಂಗಳಿಗೆ 77,000. ಸ್ಟೀಮ್ ಎಂಬ ಗೇಮಿಂಗ್ ವೇದಿಕೆಯಲ್ಲಿ ಕಳ್ಳರ ಪಾಲಾಗಿ ಬರಿದಾಗುತ್ತಿದ್ದ ಖಾತೆಗಳ ಲೆಕ್ಕ ಇದು. ಹೇಳಿದ್ದು ಬೇರೆ ಯಾರೂ ಅಲ್ಲ, ಸ್ಟೀಮ್ ನಡೆಸುವ ವಾಲ್ವ್ ಕಂಪನಿಯೇ, 2015ರ ಡಿಸೆಂಬರ್‌ನಲ್ಲಿ. ದಿನಕ್ಕೆ ಭಾಗಿಸಿದರೆ 2,500ಕ್ಕೂ ಹೆಚ್ಚು, ಗಂಟೆಗೆ ನೂರರ ಮೇಲೆ. ಕದ್ದವರಿಗೆ ಆಟ ಬೇಕಿರಲಿಲ್ಲ. ಖಾತೆಯಲ್ಲಿದ್ದ ಸ್ಕಿನ್ (ಆಟದೊಳಗಿನ ಅಲಂಕಾರ), ಆಯುಧಗಳನ್ನು ಬೇರೆ ಖಾತೆಗಳಿಗೆ ಸಾಗಿಸಿ ಮಾರುವುದೇ ಅವರ ದಂಧೆ. ಕಳೆದುಕೊಂಡವರೆಲ್ಲ ಹೊಸಬರೂ ಅಲ್ಲ; ವೃತ್ತಿಪರ ಆಟಗಾರರೂ ಅವರಲ್ಲಿದ್ದರು.

ಇಷ್ಟೊಂದು ಖಾತೆಗಳು ಕೈತಪ್ಪುವುದು ಹೇಗೆ? ತಪ್ಪದಂತೆ ಕಾಯಲು ಎಷ್ಟು ಖರ್ಚು?

ಊಹಿಸಿ ಒಡೆಯುವ ಲೆಕ್ಕ

ಲಾಗಿನ್ ಪುಟದಲ್ಲಿ ನಾಲ್ಕೈದು ಸಲ ತಪ್ಪಿದರೆ ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ. ಹಾಗಾಗಿ ಅಲ್ಲಿ ಕೂತು ಊಹಿಸಿ ಪ್ರಯೋಜನವಿಲ್ಲ. ಅಪಾಯ ಬರುವುದು ಕಂಪನಿಯ ಕಡತವೇ ಕಳುವಾದಾಗ. ಪಾಸ್‌ವರ್ಡ್‌ಗಳನ್ನು ದುರ್ಬಲವಾಗಿ ಗೂಢಲಿಪಿ ಮಾಡಿಟ್ಟಿದ್ದರೆ ಕಳ್ಳ ತನ್ನ ಕಂಪ್ಯೂಟರಿನಲ್ಲೇ ಸೆಕೆಂಡಿಗೆ 1,000 ಕೋಟಿ ಊಹೆ ಮಾಡಬಲ್ಲ. ಇಂದಿನ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಇದು ದೊಡ್ಡ ಮಾತೇ ಅಲ್ಲ. ಆ ವೇಗದಲ್ಲಿ ಎಲ್ಲ ಸಾಧ್ಯತೆಗಳನ್ನೂ ಮುಗಿಸಲು ಬೇಕಾಗುವ ಸಮಯ ಹೀಗಿದೆ:

- 8 ಸಣ್ಣ ಇಂಗ್ಲಿಷ್ ಅಕ್ಷರ: 21 ಸೆಕೆಂಡು
- ದೊಡ್ಡ ಅಕ್ಷರ, ಅಂಕಿ, ಚಿಹ್ನೆ ಬೆರೆತ 8 ಅಕ್ಷರ: 7 ದಿನ
- 12 ಸಣ್ಣ ಅಕ್ಷರ: 110 ದಿನ
- 15 ಸಣ್ಣ ಅಕ್ಷರ: 5,300 ವರ್ಷ

ಚಿಹ್ನೆ ತುರುಕುವುದಕ್ಕಿಂತ ಉದ್ದ ಹೆಚ್ಚಿಸುವುದೇ ಲಾಭ. ಆದರೆ ಅಕ್ಷರಗಳು ಗೊತ್ತುಗುರಿಯಿಲ್ಲದೆ ಬಿದ್ದಿರಬೇಕು. ಹೆಸರಿನ ಮುಂದೆ ಹುಟ್ಟಿದ ವರ್ಷ ಸೇರಿಸಿದರೆ ಈ ಲೆಕ್ಕ ನಡೆಯುವುದಿಲ್ಲ.

ಒಂದೇ ಪಾಸ್‌ವರ್ಡ್, ಹತ್ತು ಖಾತೆ

ಬಹಳಷ್ಟು ಸಲ ಊಹಿಸುವ ಕಷ್ಟವೂ ಕಳ್ಳರಿಗೆ ಇರುವುದಿಲ್ಲ. 2009ರಲ್ಲಿ ರಾಕ್‌ಯೂ ಎಂಬ ಸೋಷಿಯಲ್ ಗೇಮಿಂಗ್ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿದವು. ಯಾವ ಗೂಢಲಿಪಿಯೂ ಇಲ್ಲದೆ, ಬರೆದದ್ದು ಬರೆದಂತೆಯೇ ಇದ್ದವು. ಬಳಕೆದಾರರಲ್ಲಿ 2,90,731 ಜನರ ಪಾಸ್‌ವರ್ಡ್ 123456. ಅಂದರೆ ಹೆಚ್ಚುಕಡಿಮೆ 110 ಜನರಿಗೆ ಒಬ್ಬರು. 2019ರಲ್ಲಿ ಝಿಂಗಾ ಎಂಬ ಗೇಮಿಂಗ್ ಕಂಪನಿಯಿಂದ ಸೋರಿದ್ದು 17 ಕೋಟಿಗೂ ಹೆಚ್ಚು ಖಾತೆಗಳ ವಿವರ.

ಇಂಥ ಪಟ್ಟಿ ಹಿಡಿದು ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಬೇರೆ ಬೇರೆ ಕಡೆ ಹಾಕಿ ನೋಡುವ ಕೆಲಸವನ್ನು ಯಂತ್ರಗಳೇ ಮಾಡುತ್ತವೆ. 2018ರ ಜುಲೈನಿಂದ 2020ರ ಜೂನ್‌ವರೆಗಿನ ಎರಡು ವರ್ಷದಲ್ಲಿ ಅಂತರ್ಜಾಲ ಸುರಕ್ಷತೆಯ ಅಕಮೈ ಕಂಪನಿ ಎಣಿಸಿದ ಇಂಥ ಪ್ರಯತ್ನಗಳು 10,000 ಕೋಟಿ. ಅದರಲ್ಲಿ ಸುಮಾರು 1,000 ಕೋಟಿ ಗೇಮಿಂಗ್ ಕ್ಷೇತ್ರದ ಮೇಲೆ, ದಿನಕ್ಕೆ 1.37 ಕೋಟಿಯಂತೆ. 15 ಅಕ್ಷರದ ಪಾಸ್‌ವರ್ಡ್ ಕೂಡ ಎರಡು ಕಡೆ ಬಳಸಿದ್ದರೆ ಇಲ್ಲಿ ಕೈಕೊಡುತ್ತದೆ. ಒಂದೊಂದು ಖಾತೆಗೆ ಒಂದೊಂದು ಪಾಸ್‌ವರ್ಡ್ ಇಟ್ಟು, ನೆನಪಿಡುವ ಕೆಲಸವನ್ನು ಪಾಸ್‌ವರ್ಡ್ ಮ್ಯಾನೇಜರ್‌ಗೆ ವಹಿಸಬಹುದು. ಫೋನು, ಬ್ರೌಸರ್‌ಗಳ ಜೊತೆಗೇ ಬರುವ ಮ್ಯಾನೇಜರ್‌ಗೆ ದುಡ್ಡು ಕೊಡಬೇಕಿಲ್ಲ.

ಎರಡನೇ ಬೀಗದ ಬೆಲೆ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಬ್ಲಿಝಾರ್ಡ್ ಕಂಪನಿ 2008ರಲ್ಲಿ, ಪಾಸ್‌ವರ್ಡ್ ಜೊತೆಗೆ ಹಾಕಬೇಕಾದ ಕೋಡ್ ತೋರಿಸುವ ಪುಟ್ಟ ಸಾಧನವನ್ನು 6.50 ಡಾಲರ್‌ಗೆ ಮಾರಿತು. ಇಂದು ಅದೇ ಕೆಲಸವನ್ನು ಫೋನಿನ ಅಥೆಂಟಿಕೇಟರ್ ಆ್ಯಪ್ ಬಿಟ್ಟಿಯಾಗಿ ಮಾಡುತ್ತದೆ: ಆರು ಅಂಕಿ, 10 ಲಕ್ಷ ಸಾಧ್ಯತೆ, 30 ಸೆಕೆಂಡಿಗೊಮ್ಮೆ ಬದಲಾವಣೆ.

ಸಮಯದ ಖರ್ಚು? ಪ್ರತಿ ಲಾಗಿನ್‌ಗೆ 15 ಸೆಕೆಂಡು, ದಿನಕ್ಕೊಂದು ಲಾಗಿನ್ ಎಂದಿಟ್ಟುಕೊಂಡರೂ ವರ್ಷಕ್ಕೆ 91 ನಿಮಿಷ. ಸ್ವಂತ ಫೋನು, ಕಂಪ್ಯೂಟರನ್ನು ನಂಬಿಕೆಯ ಪಟ್ಟಿಗೆ ಸೇರಿಸಿದರೆ ಇದರ ಕಾಲುಭಾಗವೂ ಆಗಲಾರದು.

ಇಷ್ಟಾದರೂ ಜನ ಹಾಕಿಕೊಳ್ಳುವುದಿಲ್ಲ. ಎರಡು ಹಂತದ ಲಾಗಿನ್ ಬಳಸುವ ಗೂಗಲ್ ಖಾತೆಗಳು ಶೇ. 10ಕ್ಕಿಂತ ಕಡಿಮೆ ಎಂದು ಗೂಗಲ್ ಎಂಜಿನಿಯರೊಬ್ಬರು 2018ರ ಜನವರಿಯಲ್ಲಿ ಹೇಳಿದ್ದರು. ಅದೇ ವರ್ಷ ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ, ಹಾಕಿಕೊಂಡವರ ಪಾತ್ರಕ್ಕೆ ಒಂದು ಹೊಸ ಕುಣಿತವನ್ನು ಉಚಿತವಾಗಿ ಕೊಡಬೇಕಾಯಿತು. ಮುಂದೆ ಗೂಗಲ್ ಕೇಳುವುದನ್ನೇ ಬಿಟ್ಟು 15 ಕೋಟಿಗೂ ಹೆಚ್ಚು ಜನರ ಖಾತೆಗೆ ತಾನೇ ಎರಡನೇ ಹಂತ ಜೋಡಿಸಿತು. ಆ ಗುಂಪಿನಲ್ಲಿ ಕಳುವು ಅರ್ಧಕ್ಕೆ ಇಳಿದಿದೆ ಎಂದು 2022ರ ಫೆಬ್ರವರಿಯಲ್ಲಿ ತಿಳಿಸಿತು.

ಎಲ್ಲ ಎರಡನೇ ಬೀಗಗಳೂ ಒಂದೇ ಗಟ್ಟಿಯಲ್ಲ. ಗೂಗಲ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾವುದು ಎಷ್ಟು ದಾಳಿ ತಡೆಯಿತು ಎಂಬ ಲೆಕ್ಕ ಇದೆ:

- ಎಸ್‌ಎಂಎಸ್ ಕೋಡ್: ಯಂತ್ರದಾಳಿ ಶೇ. 100, ಸಾಮೂಹಿಕ ಫಿಶಿಂಗ್ (ನಕಲಿ ಪುಟದ ಬಲೆ) ಶೇ. 96, ಒಬ್ಬರನ್ನೇ ಗುರಿಯಿಟ್ಟ ದಾಳಿ ಶೇ. 76
- ಫೋನಿನ ಪರದೆಯಲ್ಲಿ ‘ಇದು ನಾನೇ’ ಎಂದು ಒತ್ತುವುದು: 100, 99, 90
- ಸೆಕ್ಯುರಿಟಿ ಕೀ (ಕಂಪ್ಯೂಟರ್ ಅಥವಾ ಫೋನಿಗೆ ಜೋಡಿಸುವ ಪುಟ್ಟ ಸಾಧನ): ಮೂರರಲ್ಲೂ 100

ಸಂದೇಶದಲ್ಲಿ ಬಂದ ಕೋಡನ್ನು ನಕಲಿ ಪುಟದಲ್ಲಿ ಹಾಕಿದರೆ ಕಳ್ಳ ಅದನ್ನು ತಕ್ಷಣ ಅಸಲಿ ಪುಟದಲ್ಲಿ ಹಾಕುತ್ತಾನೆ. ಆ್ಯಪ್ ತೋರಿಸುವ ಕೋಡಿಗೂ ಇದೇ ಗತಿ. ಸೆಕ್ಯುರಿಟಿ ಕೀ ಪುಟದ ವಿಳಾಸವನ್ನೇ ಪರೀಕ್ಷಿಸುವುದರಿಂದ ನಕಲಿ ಪುಟಕ್ಕೆ ಉತ್ತರಿಸುವುದೇ ಇಲ್ಲ. ಅದೇ ತತ್ವದ ಪಾಸ್‌ಕೀ ಈಗ ಫೋನಿನಲ್ಲೇ ಉಚಿತ. ಸೋನಿಯ ಪ್ಲೇಸ್ಟೇಷನ್ 2024ರಲ್ಲಿ ಅದನ್ನು ತಂದಿತು.

ಕಂಪನಿಗೆ ಬಿದ್ದ ಹೊರೆ

ಪ್ಲೇಸ್ಟೇಷನ್‌ಗೆ ಬುದ್ಧಿ ಬಂದದ್ದು ದುಬಾರಿ ಪಾಠದಿಂದ. 2011ರ ಏಪ್ರಿಲ್‌ನಲ್ಲಿ ಅದರ ಜಾಲಕ್ಕೆ ಕನ್ನ ಬಿದ್ದು 7.7 ಕೋಟಿ ಖಾತೆಗಳ ವಿವರ ಅಪಾಯಕ್ಕೆ ಸಿಕ್ಕಿತು. ಮೂರು ವಾರಕ್ಕೂ ಹೆಚ್ಚು ಕಾಲ ಜಾಲ ಸ್ಥಗಿತ. ಸೋನಿ ಅಂದಾಜಿಸಿದ ವೆಚ್ಚ 1,400 ಕೋಟಿ ಯೆನ್, ಆಗಿನ ದರದಲ್ಲಿ ಸುಮಾರು 17.1 ಕೋಟಿ ಡಾಲರ್. ಖಾತೆಯೊಂದಕ್ಕೆ ಹಂಚಿದರೆ ಬರೀ 2.22 ಡಾಲರ್. ಬ್ರಿಟನ್ನಿನ ಮಾಹಿತಿ ಆಯುಕ್ತರು 2013ರಲ್ಲಿ ಹಾಕಿದ ದಂಡ 2.5 ಲಕ್ಷ ಪೌಂಡ್. ಕಂಪನಿಯ ಪುಸ್ತಕದಲ್ಲಿ ನಮ್ಮ ಖಾತೆಯ ಬೆಲೆ ಎಷ್ಟು ಎಂಬುದು ಇದರಿಂದ ಗೊತ್ತಾಗುತ್ತದೆ. ವರ್ಷಗಟ್ಟಲೆ ಆಡಿ, ದುಡ್ಡು ಸುರಿದು ಬೆಳೆಸಿದ ಆಟಗಾರನಿಗೆ ಅದರ ಬೆಲೆ ಬೇರೆಯೇ.

ನಮ್ಮಲ್ಲಿ ಮೊದಲು ಯಾವುದು?

ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಪರಿಶೀಲನೆಯನ್ನು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿದ್ದರಿಂದ ಓಟಿಪಿ ನಮಗೆ ಹೊಸದಲ್ಲ. ಗೇಮಿಂಗ್ ಖಾತೆಗೆ ಮಾತ್ರ ಸಾಮಾನ್ಯವಾಗಿ ಯಾರೂ ಒತ್ತಾಯ ಮಾಡುವುದಿಲ್ಲ. ಬಿಜಿಎಂಐನಂಥ ಆಟಗಳಿಗೆ ನಮ್ಮ ಹುಡುಗರು ಒಳಹೋಗುವುದು ಗೂಗಲ್ ಅಥವಾ ಫೇಸ್‌ಬುಕ್ ಖಾತೆಯ ಮೂಲಕ. ‘ಫ್ರೀ ಯುಸಿ’ ಎಂದು ಆಟದೊಳಗಿನ ನಾಣ್ಯದ ಆಸೆ ತೋರಿಸುವ ಲಿಂಕುಗಳು ಕೇಳುವುದೂ ಆ ಖಾತೆಯ ಪಾಸ್‌ವರ್ಡನ್ನೇ. ಅದು ಹೋದರೆ ಆಟದ ಜೊತೆ ಮೇಲ್, ಫೋಟೋ, ಕಾಂಟ್ಯಾಕ್ಟ್‌ಗಳೂ ಹೋದವು.

ಆದ್ದರಿಂದ ಎರಡನೇ ಬೀಗ ಮೊದಲು ಬೀಳಬೇಕಾದದ್ದು ಆ ಖಾತೆಗೆ, ಆಮೇಲೆ ಆಟಕ್ಕೆ. ಪಾಸ್‌ಕೀ ಸಿಕ್ಕರೆ ಪಾಸ್‌ಕೀ, ಇಲ್ಲದಿದ್ದರೆ ಆ್ಯಪ್, ಅದೂ ಇಲ್ಲದಿದ್ದರೆ ಎಸ್‌ಎಂಎಸ್. ಗೂಗಲ್ ಕೊಡುವ ಎಂಟಂಕಿಯ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಫೋನು ಕಳೆದ ದಿನ ಒಳಹೋಗಲು ಅವು ಬೇಕು. ಖಾತೆಯ ಜೊತೆ ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎರಡನೇ ಬೀಗ ಹಾಕಲು ಬೇಕಾದ ದುಡ್ಡು ಸೊನ್ನೆ ರೂಪಾಯಿ, ಸಮಯ ಒಂದು ಮ್ಯಾಚ್ ಆಡುವುದಕ್ಕಿಂತ ಕಡಿಮೆ.